ಲಿವರ್ ಇದ್ದ ಮಾತ್ರಕ್ಕೆ ಫೋರ್ ವೀಲ್ ಡ್ರೈವ್ ಆಗೋದಿಲ್ಲ: ಗಣಿ ಕಡೆಯ ಹಳೇ ಪಿಕಪ್ ಕೊಳ್ಳುವ ಮುನ್ನ

ಸಂಡೂರು ಕಡೆ ಗಣಿಯಲ್ಲಿ ದುಡಿದ ಫೋರ್ ವೀಲ್ ಡ್ರೈವ್ ಪಿಕಪ್ ಒಂದನ್ನು ಸಿಂಧನೂರಿನವರೊಬ್ಬರು 2,80,000 ರೂಪಾಯಿಗೆ ತಂದರು. ನಿಧಾನಕ್ಕೆ ರಿಪೇರಿ ಮಾಡಿಸಿಕೊಂಡು ಗದ್ದೆಗೂ ಗುಡ್ಡಕ್ಕೂ ಓಡಿಸುವ ಆಸೆ. ಪೇಂಟ್ ಹೊಸದಿತ್ತು, ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಹಿಡಿಯುತ್ತಿತ್ತು, ಫೋರ್ ವೀಲ್ ಲಿವರ್ ಎಳೆದರೆ ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪವೂ ಹತ್ತುತ್ತಿತ್ತು. ಕೆಲವೇ ವಾರಗಳಲ್ಲಿ ಟ್ರಾನ್ಸ್‌ಫರ್ ಕೇಸ್, ಅಂದರೆ ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಒಡೆಯಿತು. ಬಿಚ್ಚಿದಾಗ ಗೊತ್ತಾಯಿತು: ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವಿನ ಆಕ್ಸಲ್ ಗೂಡು) ಟೂ ವೀಲ್ ಡ್ರೈವ್ ಗಾಡಿಯದು, ಅದರೊಳಗಿನ ಕ್ರೌನ್ ಪಿನಿಯನ್ ಗೇರಿನ ರೇಶಿಯೋನೇ ಬೇರೆ. ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ಬರಬೇಕು ಎಂಬುದೇ ರೇಶಿಯೋ.

ಈ ಭಾಗದಲ್ಲಿ ಇದು ಅಪರೂಪವಲ್ಲ. ಓವರ್‌ಲೋಡಿಗೆ ಮೊದಲು ಸೋಲುವುದೇ ಹಿಂದಿನ ಹೌಸಿಂಗ್. ಗುಜರಿಯಲ್ಲಿ ಸುಲಭಕ್ಕೆ ಸಿಗುವುದು ಟೂ ವೀಲ್ ಡ್ರೈವ್ ಗಾಡಿಯದ್ದು, ಬೋಲ್ಟ್ ಕೂತರೆ ಅದನ್ನೇ ಹಾಕಿ ಗಾಡಿ ಸಾಗಹಾಕುತ್ತಾರೆ. ಟೂ ವೀಲ್‌ನಲ್ಲಿ ಓಡಿಸುವವರೆಗೆ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್‌ಗೆ ಹಾಕಿದಾಗ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ, ಹಿಂದಿನ ಹೌಸಿಂಗ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು, ಯಾಕೆಂದರೆ ಇಂಥ ಗಾಡಿಗಳಲ್ಲಿ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ಆ ಗಾಡಿಯಲ್ಲಿ ರೇಶಿಯೋ ಮುಂದೆ 4.3, ಹಿಂದೆ 3.9 ಇತ್ತು. ಅಂದರೆ ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು ಸುಮಾರು 90 ಮೀಟರ್ ಉರುಳಿ, ಉಳಿದ 10 ಮೀಟರ್ ತೇಯ್ದುಕೊಂಡೇ ಸಾಗಬೇಕು. ಗದ್ದೆಯ ರಾಡಿಯಲ್ಲಿ ಚಕ್ರ ಜಾರಿ ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗವಿಲ್ಲ, ಆ ಬಿಗಿತವೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ.

ಇದನ್ನು ಪತ್ತೆಹಚ್ಚಲು ಒಂದು ಜ್ಯಾಕ್, ಒಂದು ಸ್ಟ್ಯಾಂಡ್, ಸೀಮೆಸುಣ್ಣದ ತುಂಡು ಸಾಕು. ಸಮನೆಲದಲ್ಲಿ ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಟೈರಿಗೂ ಶಾಫ್ಟಿಗೂ ಸುಣ್ಣದ ಗೆರೆ ಎಳೆದು, ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಒಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಿದರೆ ಅದೇ ರೇಶಿಯೋ: 39 ಸುತ್ತು ಬಂದರೆ 3.9. 20 ಸುತ್ತಿಗೆ 10ರಿಂದ ಭಾಗಿಸುವುದೇಕೆಂದರೆ, ನೆಲದ ಮೇಲಿನ ಚಕ್ರ ನಿಂತಿರುವಾಗ ಎತ್ತಿದ ಚಕ್ರ ಎರಡು ಸುತ್ತು ಬಂದರೆ ಕ್ರೌನ್ ಒಂದೇ ಸುತ್ತು ಬರುತ್ತದೆ. ಮುಂದಿನದಕ್ಕೂ ಹೀಗೆಯೇ, ಆದರೆ ಕಲ್ಲು ಹಿಂದಿನ ಚಕ್ರಗಳಿಗೆ, ಟ್ರಾನ್ಸ್‌ಫರ್ ಕೇಸ್ ಟೂ ವೀಲ್‌ನಲ್ಲಿ, ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಜೋಡಿಸುವ ಎರಡೂ ಹಬ್ ಲಾಕ್‌ನಲ್ಲಿ ಇರಬೇಕು. ಎರಡು ಸಂಖ್ಯೆ ಒಂದೇ ಬರದಿದ್ದರೆ ಆ ಗಾಡಿಗೆ ಫೋರ್ ವೀಲ್‌ನ ಬೆಲೆ ಕೊಡಬೇಡಿ.

ಮುಂದಿನ ಚಕ್ರ ಎತ್ತಿರುವಾಗಲೇ ಇನ್ನೊಂದನ್ನೂ ನೋಡಿಬಿಡಿ. ಇಂಜಿನ್ ಬಂದ್ ಮಾಡಿ, ಫೋರ್ ವೀಲ್‌ಗೆ ಹಾಕಿ, ಗೇರಿನಲ್ಲಿಡಿ. ಈಗ ಎತ್ತಿದ ಚಕ್ರ ಕೈಯಲ್ಲಿ ತಿರುಗಬಾರದು. ಸಲೀಸಾಗಿ ತಿರುಗಿದರೆ ಒಳಗೆ ಎಲ್ಲೋ ಸಂಪರ್ಕ ತಪ್ಪಿದೆ: ಆಕ್ಸಲ್ ತುಂಡಾಗಿರಬಹುದು, ಹಬ್ ಹಿಡಿಯದಿರಬಹುದು, ಟ್ರಾನ್ಸ್‌ಫರ್ ಕೇಸಿನೊಳಗೆ ಗೇರ್ ಸರಿಸುವ ಶಿಫ್ಟ್ ಫೋರ್ಕ್ ಸವೆದಿರಬಹುದು. ದೀಪ ಹತ್ತುವುದು ಸ್ವಿಚ್ಚಿನಿಂದ, ಚಕ್ರದಿಂದಲ್ಲ. ಟೈರುಗಳ ಅಳತೆಯೂ ನಾಲ್ಕರದ್ದೂ ಒಂದೇ ಇರಲಿ. ಹಿಂದೆ ಹೊಸದು, ಮುಂದೆ ಬೋಳು ಟೈರು ಹಾಕಿ ಓಡಿಸಿದ ಗಾಡಿಯಲ್ಲೂ ಇದೇ ಜಗ್ಗಾಟ ಸಣ್ಣ ಪ್ರಮಾಣದಲ್ಲಿ ನಡೆದಿರುತ್ತದೆ.

ಇಂಜಿನ್ ವಿಷಯದಲ್ಲಿ ಗಣಿ ಗಾಡಿಗೆ ಬೇರೆಯದೇ ಪರೀಕ್ಷೆ ಇದೆ. ಏರ್ ಫಿಲ್ಟರ್ ದಾಟಿದ ಮೇಲಿನ ಪೈಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಕೆಂಪು ಧೂಳು ಅಂಟಿದರೆ ಅದಿರಿನ ಪುಡಿ ಇಂಜಿನ್ ಒಳಗೆ ಹೋಗಿದೆ, ರಿಂಗು ಲೈನರು ಸವೆದಿವೆ ಎಂದೇ ಲೆಕ್ಕ ಹಾಕಿ. ಟರ್ಬೋ ಶಾಫ್ಟ್ ಹಿಡಿದು ನೋಡಿ: ಅಕ್ಕಪಕ್ಕ ತುಸು ಅಲುಗಿದರೆ ನಡೆಯುತ್ತದೆ, ಒಳಗೆ ಹೊರಗೆ ಆಡಬಾರದು. ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬನ್ನಿ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ರಭಸವಾಗಿ ಹೊಗೆ ಉಗುಳಿದರೂ, ಹಿಂದೆ ನೀಲಿ ಹೊಗೆ ಬಿಟ್ಟರೂ ಇಂಜಿನ್ ಕೆಲಸ ಖರ್ಚಿನ ಪಟ್ಟಿಗೆ ಸೇರಲಿ.

ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರಲ್ಲಿ, ಗದ್ದೆಯಲ್ಲಿ ಓಡಿದ ಗಾಡಿಯಾದರೆ ಎರಡೂ ಹೌಸಿಂಗ್‌ನ ಆಯಿಲ್ ಒಂದಿಷ್ಟು ಇಳಿಸಿ ನೋಡಿ. ಹಾಲಿನಂತಿದ್ದರೆ ನೀರು ಹೊಕ್ಕಿದೆ.

ಚಾಸಿಗೆ ಹೆಚ್ಚು ಹೊತ್ತು ಕೊಡಿ, ಇದೊಂದು ಹೋದರೆ ಉಳಿದದ್ದೆಲ್ಲ ವ್ಯರ್ಥ. ಕಬ್ಬಿಣದ ಅದಿರು ನೋಡಲು ಸ್ವಲ್ಪವೇ ಕಾಣುತ್ತದೆ, ತೂಕ ಮಾತ್ರ ವಿಪರೀತ. 8 ಅಡಿ ಉದ್ದ, 5 ಅಡಿ ಅಗಲದ ಟ್ರಾಲಿಯಲ್ಲಿ ಒಂದೇ ಅಡಿ ಎತ್ತರ ತುಂಬಿದರೂ ಎರಡು ಟನ್ ದಾಟುತ್ತದೆ. ಕ್ಯಾಬಿನ್ ಹಿಂಭಾಗದಲ್ಲಿ, ಕಮಾನು ಪಟ್ಟಿ ಕೂರುವ ಬ್ರಾಕೆಟ್ ಬಳಿ, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಸುತ್ತ ತಂತಿ ಬ್ರಷ್‌ನಿಂದ ಉಜ್ಜಿ ಬಿರುಕು ಹುಡುಕಿ. ಹೊಸ ಕಪ್ಪು ಪೇಂಟ್ ಬಳಿದ ಕಡೆಯೇ ಮೊದಲು ಉಜ್ಜಿ. ಚಾಸಿಯ ಎದುರುಬದುರು ಮೂಲೆಗಳ ನಡುವೆ ಕರ್ಣದಂತೆ ಓರೆಯಾಗಿ ಟೇಪ್ ಹಿಡಿದಾಗ ಎರಡು ಅಳತೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ತಪ್ಪಿದರೆ ಬಿಟ್ಟುಬಿಡಿ.

ಕಾಗದದ ಬಲೆ ಇನ್ನೂ ಕೆಟ್ಟದ್ದು. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಲೋಹದ ಮೇಲೆಯೇ ಓದಿ ಆರ್‌ಸಿ ಜತೆ ಹೋಲಿಸಿ. ಇಂಜಿನ್ ಬದಲಿಸಿ ಆರ್‌ಸಿಯಲ್ಲಿ ಬರೆಸದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಸಿಗುವುದೂ ಕಷ್ಟ, ಇನ್ಶೂರೆನ್ಸ್ ಬರುವುದೂ ಕಷ್ಟ. ಆಂಧ್ರ, ತೆಲಂಗಾಣ ನಂಬರಿನದಾದರೆ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರಬೇಕು, ಇಲ್ಲಿನ ತೆರಿಗೆ ಬೇರೆ ಕಟ್ಟಬೇಕು. ಸಾಲದ ಗಾಡಿಗೆ ಸಾಲ ತೀರಿದೆ ಎಂದು ಫೈನಾನ್ಸ್‌ನವರ ಸಹಿಯಿರುವ ಫಾರ್ಮ್ 35 ಇರಲೇಬೇಕು. ಸರ್ಕಾರಿ ಇಲಾಖೆಯ ಹಳೇ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದರೆ ವರ್ಷ ಎಣಿಸಿ: 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನದ ನೋಂದಣಿ ನವೀಕರಣವೇ ಆಗುವುದಿಲ್ಲ, ಅದು ಹೋಗಬೇಕಾದ್ದು ಗುಜರಿಗೆ. ಎತ್ತರಿಸುವುದು, ಬಾಡಿ ಬದಲಿಸುವುದು ಮುಂತಾದ ಯೋಜನೆ ಇದ್ದವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬೆಲೆ ಕಟ್ಟುವಾಗ ಮಾರುವವರು ಹೇಳಿದ ರೇಟಿನಿಂದ ಲೆಕ್ಕ ಶುರುಮಾಡಬೇಡಿ. ಅದೇ ಮಾದರಿಯ, ಎಲ್ಲವೂ ಸರಿಯಿರುವ ಗಾಡಿ ಎಷ್ಟಕ್ಕೆ ಹೋಗುತ್ತದೆ ಎಂಬಲ್ಲಿಂದ ಶುರುಮಾಡಿ. ಸಿಂಧನೂರಿನ ಗಾಡಿಯನ್ನೇ ತೆಗೆದುಕೊಳ್ಳಿ: ಸುಸ್ಥಿತಿಯಲ್ಲಿದ್ದರೆ 4,50,000. ಟ್ರಾನ್ಸ್‌ಫರ್ ಕೇಸ್ 45,000, ರೇಶಿಯೋ ಹೊಂದುವ ಹೌಸಿಂಗ್ 40,000, ಇಂಜೆಕ್ಟರ್ ಮತ್ತು ಪಂಪ್ ಕೆಲಸ 35,000, ಟೈರು 32,000, ಕಾಗದಪತ್ರ 15,000. ಒಟ್ಟು 1,67,000. ಹಳೇ ಗಾಡಿ ಬಿಚ್ಚಿದಾಗ ಇನ್ನೇನಾದರೂ ಹೊರಬರುವುದು ಖಂಡಿತ, ಅದಕ್ಕೆ ಶೇ 30, ಅಂದರೆ ಸುಮಾರು 50,000 ಸೇರಿಸಿ. 2,17,000 ಕಳೆದರೆ ಉಳಿಯುವುದು 2,33,000. ಅದಕ್ಕಿಂತ ಮೇಲೆ ಒಂದು ರೂಪಾಯಿಯೂ ಕೊಡಬಾರದಿತ್ತು. ಬಿಡಿಭಾಗದ ದರ ಊರಿಂದ ಊರಿಗೆ, ಮಾದರಿಯಿಂದ ಮಾದರಿಗೆ ಬೇರೆ, ಆದ್ದರಿಂದ ನಿಮ್ಮ ಮೇಸ್ತ್ರಿಯಿಂದ ಪ್ರತಿ ಸಾಲಿನ ರೇಟನ್ನೂ ಬರೆಸಿಕೊಂಡೇ ಚೌಕಾಸಿಗೆ ಕೂರಿ. ಮುಂಗಡ ಕೊಡುವುದಾದರೆ ಚೀಟಿಯಲ್ಲಿ ಎರಡು ಸಾಲು ಬರೆಸಿ: ರೇಶಿಯೋ ಹೊಂದದಿದ್ದರೆ ಹಣ ವಾಪಸ್, ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬಂದ ಮೇಲೆಯೇ ಬಾಕಿ ಹಣ. ಇದಕ್ಕೆ ಸಹಿ ಹಾಕಲು ಒಪ್ಪದವರ ಗಾಡಿಯ ಕೆಳಗೆ ತೂರಿ ನೋಡುವ ಶ್ರಮವೂ ಬೇಡ.