ಮಾರ್ಕೆಟಿಂಗ್‌ನವರ ನೆಟ್‌ವರ್ಕ್: ಲಿಂಕ್ಡ್‌ಇನ್ನಾ, ಮೀಟಪ್ಪಾ?

2003ರಲ್ಲಿ ಶುರುವಾದ, ವೃತ್ತಿ ಸಂಪರ್ಕಗಳ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಗೊತ್ತಿಲ್ಲದ ಬ್ರ್ಯಾಂಡ್ ಮ್ಯಾನೇಜರನ್ನೂ ಕೂತಲ್ಲಿಂದಲೇ ಮಾತಾಡಿಸಬಹುದು. ಆದರೆ ಸುಮ್ನೆ ಕನೆಕ್ಟ್ ಒತ್ತಿದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ‘ಆ ಇಮೇಲ್ ಕ್ಯಾಂಪೇನ್‌ಗೆ ಸಬ್ಜೆಕ್ಟ್ ಲೈನ್ ಹೇಗೆ ಟೆಸ್ಟ್ ಮಾಡಿದಿರಿ?’ ಅಂತ ಕೇಳಿ. ಉತ್ತರ ಬರುವ ಸಾಧ್ಯತೆ ಜಾಸ್ತಿ.

ಮೀಟಪ್‌ಗೆ, ಅಂದರೆ ಒಂದೇ ಕ್ಷೇತ್ರದವರು ಮುಖಾಮುಖಿ ಸೇರುವ ಕೂಟಕ್ಕೆ, ಸಮಯ, ಖರ್ಚು ಎರಡೂ ಬೇಕು. ಸಿಗುವವರು ಕಡಿಮೆ, ನಂಬಿಕೆ ಹುಟ್ಟುವುದು ಬೇಗ. ನೆಲಕಚ್ಚಿದ ಕ್ಯಾಂಪೇನ್ ಬಗ್ಗೆ ಪೋಸ್ಟ್ ಹಾಕುವವರು ಅಪರೂಪ. ಎದುರು ಸಿಕ್ಕರೆ ಬಜೆಟ್ ಎಲ್ಲಿ ಸೋರಿತು ಅಂತಲೂ ಹೇಳುತ್ತಾರೆ. (ವಿಸಿಟಿಂಗ್ ಕಾರ್ಡ್ ಹಂಚುತ್ತಲೇ ಓಡಾಡುವವರನ್ನು ಬಿಡಿ.)

ಕೆಲಸ ಹುಡುಕುತ್ತಿದ್ದರೆ ಲಿಂಕ್ಡ್‌ಇನ್ ಮೇಲು. ಆಪ್ತರಿಗೆ ಗೊತ್ತಿಲ್ಲದ ಸುದ್ದಿ ಮುಖಪರಿಚಯದವರಿಂದ ಬರುತ್ತದೆ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಫ್ರೀಲಾನ್ಸ್ ಕ್ಲೈಂಟ್ ಬೇಕಾ? ಮೀಟಪ್‌ಗೇ ಹೋಗಿ. ಮರುದಿನವೇ ಮೆಸೇಜ್ ಹಾಕಿ. ತಡ ಮಾಡಿದರೆ ‘ಯಾರಪ್ಪಾ ಇವರು’ ಅಂದುಕೊಳ್ಳುತ್ತಾರೆ.