ಕ್ಯಾಟ್ ಸ್ಕೇಲ್: ಆರ್‌ವಿ ಎಳೆಯುವ ಹೆವಿ ಟ್ರಕ್ಕಿಗೂ ತೂಕದ ಚೀಟಿ ಬೇಕು

ಅಮೆರಿಕದಲ್ಲಿ ವೋಲ್ವೋ, ಫ್ರೈಟ್‌ಲೈನರ್‌ನಂಥ ದೊಡ್ಡ ಟ್ರಕ್ಕಿಗೆ ಫಿಫ್ತ್ ವೀಲ್ ಆರ್‌ವಿ ಟ್ರೇಲರ್ (ಟ್ರಕ್ಕಿನ ಬೆನ್ನ ಮೇಲಿನ ಕೊಂಡಿಗೆ ಸಿಕ್ಕಿಸುವ ಗಾಲಿಮನೆ) ಕಟ್ಟಿಕೊಂಡು ವರ್ಷವಿಡೀ ರಸ್ತೆಯಲ್ಲೇ ಇರುವ ಅನೇಕರು ತೂಕ ಹಾಕಿಸುವ ಗೋಜಿಗೇ ಹೋಗುವುದಿಲ್ಲ. ಸರಕು ತುಂಬಿ ಒಟ್ಟು 80,000 ಪೌಂಡ್‌ನಲ್ಲಿ ಓಡಲೆಂದೇ ಮಾಡಿದ ಗಾಡಿಗೆ 20,000 ಪೌಂಡಿನ ಮನೆ ಯಾವ ಲೆಕ್ಕ ಎಂಬುದು ಅವರ ವಾದ. ಟ್ರಕ್ಕಿನ ಮಟ್ಟಿಗೆ ಅದು ಸರಿಯೇ. ಆದರೆ ಭಾರ ಮಿತಿ ಮೀರುವುದು ಟ್ರೇಲರ್‌ನ ಆಕ್ಸಲ್ಲಿನಲ್ಲಿ, ಅದರ ಟೈರಿನಲ್ಲಿ. ಪಿಕಪ್ ಆದರೆ ಹಿಂಭಾಗ ತಗ್ಗುತ್ತದೆ, ಏರಿನಲ್ಲಿ ಎಂಜಿನ್ ಒದ್ದಾಡುತ್ತದೆ, ಓಡಿಸುವವರಿಗೆ ಸುಳಿವು ಸಿಗುತ್ತದೆ. ಹೆವಿ ಟ್ರಕ್ಕಿನಲ್ಲಿ ಕೂತವರಿಗೆ ಹಿಂದೆ ಏನಾಗುತ್ತಿದೆ ಎಂಬುದೇ ತಿಳಿಯುವುದಿಲ್ಲ. ಹೀಗಾಗಿ ಪಿಕಪ್‌ನವರಿಗಿಂತ ಇವರಿಗೇ ವೇ ಬ್ರಿಡ್ಜ್ ಹೆಚ್ಚು ಅಗತ್ಯ.

ಕ್ಯಾಟ್ ಸ್ಕೇಲ್ 1977ರಿಂದ ನಡೆಯುತ್ತಿರುವ ವೇ ಬ್ರಿಡ್ಜ್ ಕಂಪನಿ, ಮೂಲ ಅಯೋವಾದ ವಾಲ್ಕಾಟ್. ಅಮೆರಿಕ, ಕೆನಡಾ ಸೇರಿ 2,000ಕ್ಕೂ ಹೆಚ್ಚು ಕಡೆ, ಬಹುತೇಕ ಟ್ರಕ್ ಸ್ಟಾಪ್‌ಗಳಲ್ಲೇ ಇದರ ತೂಕದ ಕಟ್ಟೆಗಳಿವೆ. ಮೊದಲ ತೂಕಕ್ಕೆ 15 ಡಾಲರ್ ಆಸುಪಾಸು. ಅದೇ ಕಟ್ಟೆಯಲ್ಲಿ 24 ಗಂಟೆಯೊಳಗೆ ಮತ್ತೆ ತೂಗಿಸಿದರೆ ಮರುತೂಕದ ದರ, ಅದು ತೀರಾ ಕಡಿಮೆ. ಒಂದು ಟೈರಿನ ಬೆಲೆಯ ಮುಂದೆ ಎರಡೂ ಸೇರಿ ಏನೂ ಅಲ್ಲ.

ಕಟ್ಟೆಯಲ್ಲಿ ಮೂರು ಬೇರೆ ಬೇರೆ ಹಾಸುಗಳಿರುತ್ತವೆ. ಟ್ರಕ್ಕಿನ ಮುಂದಿನ ಸ್ಟಿಯರಿಂಗ್ ಆಕ್ಸಲ್ ಮೊದಲನೆಯದರ ಮೇಲೆ, ಎಂಜಿನ್ ತಿರುಗಿಸುವ ಹಿಂದಿನ ಡ್ರೈವ್ ಆಕ್ಸಲ್ ಎರಡನೆಯದರ ಮೇಲೆ, ಟ್ರೇಲರ್ ಆಕ್ಸಲ್‌ಗಳು ಮೂರನೆಯದರ ಮೇಲೆ ನಿಲ್ಲಬೇಕು. ಹಾಸುಗಳ ನಡುವಿನ ಸೀಳು ಗೆರೆಯ ಮೇಲೆ ಟೈರ್ ಕೂತರೆ ಒಟ್ಟು ತೂಕ ಸರಿಯಾಗಿಯೇ ಬರುತ್ತದೆ, ಆಕ್ಸಲ್‌ವಾರು ಲೆಕ್ಕ ಮಾತ್ರ ಕೆಡುತ್ತದೆ. ಕನ್ನಡಿಯಲ್ಲಿ ಆ ಗೆರೆ ಕಾಣದಿದ್ದರೆ ಜೊತೆಗಿರುವವರನ್ನು ಇಳಿಸಿ ನೋಡಿಸಿ, ಆಮೇಲೆ ಅವರು ಮತ್ತೆ ಹತ್ತಿ ಕೂರಲಿ. ಪ್ರಯಾಣದಲ್ಲಿ ಅವರ ತೂಕವೂ ಗಾಡಿಯದೇ. ಗಕ್ಕನೆ ಬ್ರೇಕ್ ಒತ್ತಿ ನಿಲ್ಲಿಸಬೇಡಿ. ಏರ್ ಸಸ್ಪೆನ್ಷನ್‌ನ ಗಾಳಿ ಬಿಡಬೇಡಿ. ಓಡುವಾಗಿನ ಎತ್ತರಕ್ಕೆ ಗಾಡಿ ಬಂದು ನಿಂತ ಮೇಲೆ ತೂಗಿಸಿ.

ಪಕ್ಕದ ಕಂಬದಲ್ಲಿ ಕರೆ ಗುಂಡಿ ಇದೆ. ಒತ್ತಿದರೆ ಒಳಗಿನವರು ಮೊದಲ ತೂಕವೋ ಮರುತೂಕವೋ ಎಂದು ಕೇಳುತ್ತಾರೆ, ನಿಮ್ಮ ಕಂಪನಿ ಹೆಸರು, ಟ್ರಕ್ ನಂಬರ್ ಕೇಳುತ್ತಾರೆ. ಕಂಪನಿಯ ಜಾಗದಲ್ಲಿ 'ಪ್ರೈವೇಟ್ ಆರ್‌ವಿ' ಅಂದರೆ ಸಾಕು. ಗುಂಡಿ ಇರುವುದು ಲಾರಿ ಕ್ಯಾಬಿನ್ನಿನ ಎತ್ತರಕ್ಕೆ, ಹಾಗಾಗಿ ಹೆವಿ ಟ್ರಕ್‌ನವರಿಗೆ ಕಿಟಕಿಯಿಂದಲೇ ಕೈಗೆಟುಕುತ್ತದೆ. ತೂಕವಾದ ಕೂಡಲೇ ಕಟ್ಟೆ ಬಿಟ್ಟು, ಗಾಡಿಯನ್ನು ಬೇರೆ ಕಡೆ ನಿಲ್ಲಿಸಿ, ಒಳಗೆ ಹೋಗಿ ಚೀಟಿ ತೆಗೆದುಕೊಳ್ಳಿ. ಹಿಂದೆ ಸಾಲಿನಲ್ಲಿ ನಿಂತ ಲಾರಿಯವರಿಗೆ ಪ್ರತಿ ನಿಮಿಷವೂ ದುಡಿಮೆಯ ಹೊತ್ತು. ಇದಕ್ಕಿಂತ ಕ್ಯಾಟ್ ಸ್ಕೇಲ್‌ನ 'ವೇ ಮೈ ಟ್ರಕ್' ಆ್ಯಪ್ ವಾಸಿ. ಕಾರ್ಡ್ ವಿವರ, ಗಾಡಿ ನಂಬರ್ ಮೊದಲೇ ತುಂಬಿಟ್ಟರೆ ತೂಕ ನೇರ ಫೋನಿಗೇ ಬರುತ್ತದೆ, ಚೀಟಿಯ ಪ್ರತಿ ಇಮೇಲ್‌ಗೆ.

ಒಂದೇ ಚೀಟಿಯಿಂದ ಅರ್ಧ ಉತ್ತರವಷ್ಟೇ ಸಿಗುತ್ತದೆ. ಪಿನ್ (ಟ್ರೇಲರ್ ಟ್ರಕ್ಕಿನ ಕೊಂಡಿಗೆ ಸಿಕ್ಕುವ ಗೂಟ) ಮೇಲೆ ಎಷ್ಟು ಭಾರ ಕೂತಿದೆ ಎಂದು ತಿಳಿಯಲು ಟ್ರೇಲರ್ ಬಿಚ್ಚಿ, ಟ್ರಕ್ಕನ್ನು ಮಾತ್ರ ಮತ್ತೆ ತೂಗಿಸಬೇಕು. ಬಿಚ್ಚುವುದು ಪಾರ್ಕಿಂಗ್‌ನಲ್ಲಿ, ಕಟ್ಟೆಯ ಮೇಲೆ ಖಂಡಿತ ಬೇಡ. ಒಂದು ಲೆಕ್ಕ ನೋಡೋಣ. ಎರಡರಲ್ಲಿ ಒಂದೇ ಡ್ರೈವ್ ಆಕ್ಸಲ್ ಉಳಿಸಿಕೊಂಡ ಟ್ರಕ್, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಆ ಆಕ್ಸಲ್ಲಿನಿಂದ ಹಿಂದಕ್ಕಿದೆ. ಟ್ರೇಲರ್ ಸಮೇತ ಚೀಟಿಯಲ್ಲಿ ಸ್ಟಿಯರಿಂಗ್ 10,680, ಡ್ರೈವ್ 13,200, ಟ್ರೇಲರ್ 15,280, ಒಟ್ಟು 39,160 ಪೌಂಡ್. ಬರೀ ಟ್ರಕ್ಕಿನ ಚೀಟಿಯಲ್ಲಿ ಸ್ಟಿಯರಿಂಗ್ 11,240, ಡ್ರೈವ್ 8,520, ಒಟ್ಟು 19,760. ಮೊದಲ ಚೀಟಿಯ ಸ್ಟಿಯರಿಂಗ್ ಮತ್ತು ಡ್ರೈವ್ ಕೂಡಿಸಿದರೆ 23,880. ಅದರಲ್ಲಿ 19,760 ಕಳೆದರೆ 4,120 ಪೌಂಡ್, ಇದೇ ಪಿನ್ ಭಾರ. ಟ್ರೇಲರ್‌ನ ನಿಜವಾದ ತೂಕ 15,280ಕ್ಕೆ 4,120 ಸೇರಿ 19,400. ಪಿನ್ ಪಾಲು ಶೇ. 21. ಫಿಫ್ತ್ ವೀಲ್‌ಗೆ ಶೇ. 20ರಿಂದ 25 ಇರಬೇಕು, ಹಾಗಾಗಿ ಇಲ್ಲಿ ತೊಂದರೆಯಿಲ್ಲ. ಟ್ರಕ್ಕಿನ ಮುಂದಿನ ಆಕ್ಸಲ್‌ನಿಂದ 560 ಪೌಂಡ್ ಎದ್ದಿರುವುದನ್ನೂ ಗಮನಿಸಿ. ಕ್ಯಾಬಿನ್ ಹಿಂದಿನ ಡೆಕ್ ಮೇಲೆ ಚಿಕ್ಕ ಕಾರು ಹೇರಲೆಂದು ಹಿಚ್ಚನ್ನು ಹಿಂದಕ್ಕೆ ಸರಿಸಿದಷ್ಟೂ ಈ ಎತ್ತುವಿಕೆ ಜಾಸ್ತಿಯಾಗುತ್ತದೆ.

ಈಗ ಟೈರಿಗೆ ಬನ್ನಿ. 15,280 ಪೌಂಡನ್ನು ನಾಲ್ಕು ಟೈರಿಗೆ ಹಂಚಿದರೆ ತಲಾ 3,820. ಎಲ್‌ಟಿ 235/85 ಆರ್16, ಲೋಡ್ ರೇಂಜ್ (ಭಾರ ಹೊರುವ ದರ್ಜೆ) 'ಜಿ' ಟೈರು 110 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗಾಳಿ ಒತ್ತಡದಲ್ಲಿ ಹೊರುವುದು 3,750. ಅಂದರೆ ಸರಾಸರಿಯಲ್ಲೇ ಮಿತಿ ದಾಟಿದೆ. ಆಕ್ಸಲ್‌ಗಳು ತಲಾ 8,000 ಪೌಂಡ್ ಹೊರುವಂಥವಾಗಿದ್ದರೆ ಅವು ಮಿತಿಯೊಳಗೇ ಇವೆ. ಆಕ್ಸಲ್ ಪ್ಲೇಟ್ ಮಾತ್ರ ನೋಡಿ ನೆಮ್ಮದಿಯಾಗಿರುವವರು ಎಡವುವುದು ಇಲ್ಲೇ. 17.5 ಇಂಚಿನ ರಿಮ್‌ಗೆ ಹೋಗಿ 215/75 ಆರ್17.5, ಲೋಡ್ ರೇಂಜ್ 'ಎಚ್' ಟೈರು ಹಾಕಿದರೆ 125 ಪಿಎಸ್‌ಐನಲ್ಲಿ ತಲಾ 4,805 ಪೌಂಡ್ ಹೊರುತ್ತದೆ. ಆದರೆ ರಿಮ್ಮೂ ಅಷ್ಟು ಗಾಳಿಗೆ, ಅಷ್ಟು ಭಾರಕ್ಕೆ ತಯಾರಾದದ್ದೇ ಇರಬೇಕು.

ಟ್ರಕ್ಕಿನ ಕಥೆ ಇದಕ್ಕೆ ತಿರುಗುಮುರುಗು. 295/75 ಆರ್22.5, ಲೋಡ್ ರೇಂಜ್ 'ಜಿ' ಟೈರು ಜೋಡಿಯಾಗಿ ಹಾಕಿದಾಗ 110 ಪಿಎಸ್‌ಐನಲ್ಲಿ ತಲಾ 5,675 ಪೌಂಡ್ ಹೊರುತ್ತದೆ. ಇಲ್ಲಿ ಡ್ರೈವ್ ಆಕ್ಸಲ್ಲಿನ 13,200 ನಾಲ್ಕು ಟೈರಿಗೆ ಹಂಚಿ ಒಂದರ ಮೇಲಿರುವುದು 3,300. ಪೂರ್ತಿ ಗಾಳಿ ತುಂಬಿಸಿಕೊಂಡು ಓಡಿದರೆ ಕುಲುಕಾಟ ಹೆಚ್ಚು, ಟೈರು ನಡುವೆ ಸವೆಯುತ್ತದೆ. ಟೈರ್ ಕಂಪನಿಯ ಭಾರ-ಗಾಳಿ ಕೋಷ್ಟಕ ತೆಗೆದು ಚೀಟಿಯ ಅಂಕಿಗೆ ತಕ್ಕಂತೆ ಇಳಿಸಬಹುದು. ಕೋಷ್ಟಕದ ಕನಿಷ್ಠ ಸಾಲಿಗಿಂತ ಕೆಳಗೆ ಮಾತ್ರ ಇಳಿಯಬಾರದು.

ಎರಡು ತೂಕದ ನಡುವೆ ಡೀಸೆಲ್ ತುಂಬಿಸಿದರೆ ಲೆಕ್ಕವೆಲ್ಲ ಹಾಳು. ಡೀಸೆಲ್ ಗ್ಯಾಲನ್ನಿಗೆ ಸುಮಾರು 7 ಪೌಂಡ್, 100 ಗ್ಯಾಲನ್ ಅಂದರೆ 700 ಪೌಂಡ್. ಟ್ಯಾಂಕ್ ತುಂಬಿಸಿಕೊಂಡೇ ಮೊದಲ ತೂಕಕ್ಕೆ ಹೋಗಿ. ನೀರು ಗ್ಯಾಲನ್ನಿಗೆ 8.3 ಪೌಂಡ್; ನೀರಿನ ಟ್ಯಾಂಕ್ ಆಕ್ಸಲ್‌ಗಳ ಹಿಂದಿದ್ದರೆ ತುಂಬಿದಾಗ ಪಿನ್ ಭಾರ ಇಳಿಯುತ್ತದೆ, ಮುಂದಿದ್ದರೆ ಏರುತ್ತದೆ. ನೀರು ತುಂಬಿಕೊಂಡೇ ಹೊರಡುವವರು ಹಾಗೆಯೇ ತೂಗಿಸಬೇಕು.

ಈ ಸೇವೆಯ ದೊಡ್ಡ ಕೊರತೆ, ಎಡ-ಬಲ ಬೇರೆ ಮಾಡಿ ತೋರಿಸುವುದಿಲ್ಲ. ಅಡುಗೆಮನೆ, ಫ್ರಿಜ್, ಸ್ಲೈಡ್ ಔಟ್ (ನಿಂತಾಗ ಹೊರಕ್ಕೆ ಚಾಚುವ ಭಾಗ) ಎಲ್ಲ ಒಂದೇ ಮಗ್ಗುಲಿಗಿದ್ದರೆ ಆ ಬದಿಯ ಟೈರುಗಳು ಸರಾಸರಿಗಿಂತ ನೂರಾರು ಪೌಂಡ್ ಹೆಚ್ಚು ಹೊರುತ್ತಿರಬಹುದು, ಚೀಟಿಯಲ್ಲಿ ಅದರ ಸುಳಿವಿಲ್ಲ. ಟ್ರೇಲರ್‌ನ ಎರಡು ಆಕ್ಸಲ್‌ಗಳನ್ನಾದರೂ ಬೇರೆ ಮಾಡಬಹುದು. ಸಾಲು ಇಲ್ಲದ ಹೊತ್ತಿನಲ್ಲಿ ಸ್ವಲ್ಪ ಮುಂದೆ ಹೋಗಿ, ಟ್ರೇಲರ್‌ನ ಮುಂದಿನ ಆಕ್ಸಲ್ ಎರಡನೇ ಹಾಸಿನ ಮೇಲೆ, ಹಿಂದಿನದು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ ಮರುತೂಕ ಹಾಕಿಸಿ. ಟ್ರಕ್ಕಿನ ಚಕ್ರ ಎರಡನೇ ಹಾಸಿನ ಮೇಲೆ ಉಳಿಯಬಾರದು. ಹಿಂದಿನ ಆಕ್ಸಲ್ ತುಂಬಾ ಭಾರ ತೋರಿಸಿದರೆ ಟ್ರೇಲರ್‌ನ ಮೂತಿ ಮೇಲೆದ್ದಿದೆ ಎಂದೇ ಶಂಕಿಸಿ, ಹಿಚ್ ಎತ್ತರ ಅಳೆಯಿರಿ.

ಚಕ್ರವಾರು ತೂಕ ಬೇಕಾದವರಿಗೆ ಎಸ್ಕೇಪೀಸ್ ಆರ್‌ವಿ ಕ್ಲಬ್ಬಿನ 'ಸ್ಮಾರ್ಟ್‌ವೇ' ಇದೆ, ಟೆಕ್ಸಸ್‌ನ ಲಿವಿಂಗ್‌ಸ್ಟನ್, ಫ್ಲೋರಿಡಾದ ಬುಶ್‌ನೆಲ್, ಅರಿಜೋನಾದ ಕಾಂಗ್ರೆಸ್ ಊರುಗಳಲ್ಲಿ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಒಮ್ಮೆ ಅಲ್ಲಿ ಚಕ್ರವಾರು ಲೆಕ್ಕ ಮಾಡಿಸಿಟ್ಟುಕೊಂಡು, ಬ್ಯಾಟರಿ ಬದಲಿಸಿದಾಗ, ಜನರೇಟರ್ ಅಥವಾ ವಾಷಿಂಗ್ ಮಷಿನ್ ಕೂರಿಸಿದಾಗ ಹತ್ತಿರದ ಕ್ಯಾಟ್ ಸ್ಕೇಲ್‌ಗೆ ಗಾಡಿ ಹತ್ತಿಸಿ ಹಳೆಯ ಚೀಟಿಯೊಂದಿಗೆ ಹೋಲಿಸಿ ನೋಡುವುದು ನಮ್ಮ ಶಿಫಾರಸು.