‘ಗಾಳಿ ಇಲ್ಲ ಸಾರ್’: ಹಾಯಿದೋಣಿಗೆ ಪೂರ್ತಿ ಹಣ ಮೊದಲೇ ಕಟ್ಟುವವರಿಗೆ

ಕರಾವಳಿಗೆ ಹೋಗಿ ಒಂದು ದಿನ ಹಾಯಿದೋಣಿಯಲ್ಲಿ ಕಳೆಯಬೇಕೆಂದು ಬೆಂಗಳೂರಿನಲ್ಲೇ ಕುಳಿತು ಹಣ ಕಟ್ಟಲು ಹೊರಟಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಕಟ್ಟಿ. ನನ್ನ 22,500 ರೂಪಾಯಿ ಹೋಯಿತು. ಅದು ಹೋದದ್ದಕ್ಕಿಂತ, ಡಿಪ್ಲೊಮಾ ಓದುವಾಗಿನಿಂದ ಜೊತೆಗಿರುವ ನಾಲ್ವರು ಗೆಳೆಯರ ಮುಂದೆ ನಾನು ಪೆಚ್ಚಾದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಬುಕಿಂಗ್ ಮಾಡಿದವನು ನಾನೇ, ಅನುಮಾನಪಟ್ಟವನ ಬಾಯಿ ಮುಚ್ಚಿಸಿದವನೂ ನಾನೇ.

ಏಜೆಂಟ್ ನಮ್ಮ ಬೆಂಗಳೂರಿನವನೇ. ಫೋನಿನಲ್ಲಿ ಅವನ ಮಾತು ಜೇನಿನಂತಿತ್ತು. ‘ಫುಲ್ ಡೇ ಸೈಲಿಂಗ್ ಸಾರ್, ಬೆಳಗ್ಗೆ ಒಂಬತ್ತರಿಂದ ಸಂಜೆ ಐದು, ಮೀನೂಟ ದೋಣಿಯಲ್ಲೇ, ತಲೆಗೆ ನಾಲ್ಕೂವರೆ ಸಾವಿರ’ ಎಂದ. ಬಿಳಿಯ ಹಾಯಿ ಬಿಚ್ಚಿದ ದೋಣಿಯ ಮುಂದೆ ನಗುತ್ತ ನಿಂತವರ ಫೋಟೋಗಳನ್ನು ಕಳುಹಿಸಿದ. ನಮ್ಮ ಗುಂಪಿನಲ್ಲಿ ಕುಂದಾಪುರದವನೊಬ್ಬನಿದ್ದಾನೆ. ಅವನು ಆಗಲೇ, ‘ಈಗ ಹಾಯಿ ಕಟ್ಟಿ ಓಡಿಸುವವರು ಎಲ್ಲಿದ್ದಾರೆ ಮಾರಾಯ, ಎಲ್ಲ ಕಡೆಯೂ ಎಂಜಿನ್ನೇ ಅಲ್ವಾ, ದೋಣಿಯವನ ನಂಬರ್ ಒಂದು ಕೇಳು’ ಎಂದು ಹೇಳಿದ್ದ. ನಾನು, ‘ಊರು ಬಿಟ್ಟು ಇಪ್ಪತ್ತೈದು ವರ್ಷವಾಯಿತು, ನಿನಗೇನು ಗೊತ್ತು’ ಎಂದು ಗದರಿಸಿ, ಅರ್ಧ ಹಣವನ್ನೂ ಅಲ್ಲ, ಪೂರ್ತಿ ಹಣವನ್ನು ಯುಪಿಐ ಮೂಲಕ ಕಳುಹಿಸಿಬಿಟ್ಟೆ. ಬಿಲ್ ಕೇಳಿದ್ದಕ್ಕೆ ‘ಟ್ರಿಪ್ ಮುಗಿದ ಮೇಲೆ ಕೊಡ್ತೀನಿ ಸಾರ್’ ಎಂದ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ದಾರಿಯ ಬಗ್ಗೆ ನನ್ನ ದೂರಿಲ್ಲ. ಜನವರಿಯ ಚಳಿಯಲ್ಲಿ ನಸುಕಿಗೇ ನೆಲಮಂಗಲ ದಾಟಿ, ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು, ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದೆವು. ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಕುಳಿತೆವು. ಇಡೀ ಪ್ರವಾಸದಲ್ಲಿ ನಿಜವಾಗಿ ಸಿಕ್ಕಿದ್ದು ಆ ಅರ್ಧ ಗಂಟೆ, ಅದಕ್ಕೆ ಯಾರಿಗೂ ಹಣ ಕೊಡಬೇಕಾಗಿರಲಿಲ್ಲ.

ಮರುದಿನ ಕಾರವಾರದ ಕಡೆ, ನದಿ ಸಮುದ್ರ ಸೇರುವ ಒಂದು ಅಳಿವೆಯ ಬಳಿ ನಮಗಾಗಿ ಕಾದಿದ್ದದ್ದು ಫೈಬರ್‌ನ ಮೋಟಾರು ದೋಣಿ. ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್, ನಡುವೆ ಕಬ್ಬಿಣದ ಒಂದು ಕೊಳವೆಯನ್ನು ಹಾಯಿ ಕಟ್ಟುವ ಕೂವೆಮರದಂತೆ ನಿಲ್ಲಿಸಿ ಅದಕ್ಕೆ ಬಿಳಿ ಬಟ್ಟೆಯ ಸುರುಳಿಯೊಂದನ್ನು ನೀಲಿ ನೈಲಾನ್ ಹಗ್ಗದಿಂದ ಕಟ್ಟಿದ್ದರು. ದೋಣಿ ನಡೆಸುವ ಹುಡುಗ, ದೋಣಿ ಇನ್ನೂ ಮರಳಿಗೆ ತಾಗಿಕೊಂಡಿರುವಾಗಲೇ ಆ ಸುರುಳಿಯನ್ನು ಮೇಲೇರಿಸಿ, ನಮ್ಮನ್ನು ಅದರ ಮುಂದೆ ನಿಲ್ಲಿಸಿ, ನಮ್ಮ ಫೋನಿನಲ್ಲಿ ಒಂದು, ತನ್ನ ಫೋನಿನಲ್ಲಿ ನಾಲ್ಕು ಫೋಟೋ ತೆಗೆದು, ‘ಆಫೀಸಿಗೆ ಕಳಿಸಬೇಕು ಸಾರ್’ ಎಂದ. ನಾವೂ ಹಲ್ಲು ಕಿರಿದು ನಿಂತೆವು. ಆಮೇಲೆ ಹಾಯಿಯನ್ನು ಇಳಿಸಿ, ಸುತ್ತಿ, ಮೊದಲಿಗಿಂತ ಬಿಗಿಯಾಗಿ ಕಟ್ಟಿ ಎಂಜಿನ್ ಶುರು ಮಾಡಿದ. ನಾವು ಐವರು, ದೋಣಿಯವರು ಇಬ್ಬರು, ಒಟ್ಟು ಏಳು ಜನಕ್ಕೆ ನಾಲ್ಕು ಲೈಫ್ ಜಾಕೆಟ್, ಅದರಲ್ಲಿ ಒಂದಕ್ಕೆ ಬಕಲ್ಲೇ ಇರಲಿಲ್ಲ.

ಹೊಗೆ ಕುಡಿಯುತ್ತ ಸುಮಾರು ಐವತ್ತು ನಿಮಿಷ ಹಿನ್ನೀರಿನಲ್ಲೇ ತಿರುಗಿಸಿದರು. ಅಳಿವೆಯನ್ನು ದಾಟಲೇ ಇಲ್ಲ. ನಂತರ ಒಂದು ಮರಳದಂಡೆಯಲ್ಲಿ ಇಳಿಸಿ, ‘ಬೀಚ್ ಟೈಮ್ ಸಾರ್’ ಎಂದು ಹೇಳಿ ಹೋದವರು ಮೂರೂವರೆಯವರೆಗೆ ಬರಲಿಲ್ಲ. ಮೀನೂಟವೆಂದರೆ ಪಾರ್ಸೆಲ್ ಪೊಟ್ಟಣದಲ್ಲಿ ತಣ್ಣಗಾದ ಅನ್ನ ಮತ್ತು ತಲೆಗೊಂದು ಬಂಗುಡೆ. ‘ಹಾಯಿ ಯಾವಾಗ ಬಿಚ್ಚುತ್ತೀರಿ?’ ಎಂದು ನಾನು ಹುಡುಗನನ್ನು ಬೆಳಗ್ಗೆ ಕೇಳಿದಾಗಲೂ, ಮಧ್ಯಾಹ್ನ ಫೋನ್ ಮಾಡಿ ಕೇಳಿದಾಗಲೂ ಬಂದದ್ದು ಒಂದೇ ಉತ್ತರ: ‘ಗಾಳಿ ಇಲ್ಲ ಸಾರ್’. ಬೆಳಗಿನ ಹೊತ್ತು ಸಮುದ್ರ ಮಂದವಾಗಿರುತ್ತದೆ ಎಂಬುದನ್ನು ಒಪ್ಪೋಣ. ಆದರೆ ಬಿಸಿಲಿಗೆ ನೆಲ ಕಾದ ಮೇಲೆ ಕಡಲ ಕಡೆಯಿಂದ ಗಾಳಿ ಬೀಸತೊಡಗುತ್ತದೆ, ಕರಾವಳಿಯಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆಲ್ಲ ಇದು ಗೊತ್ತು. ಅವನು ಫೋನಿನಲ್ಲಿ ಗಾಳಿ ಇಲ್ಲ ಎನ್ನುತ್ತಿದ್ದಾಗ ನನ್ನ ತಟ್ಟೆಯ ಮೇಲಿದ್ದ ಹಪ್ಪಳ ಹಾರಿ ಹೋಗಿತ್ತು.

ಸಿಟ್ಟು ತಡೆಯಲಾಗದೆ, ದೋಣಿ ವಾಪಸು ಬಂದ ಕೂಡಲೇ ನಾನೇ ಹಗ್ಗ ಬಿಚ್ಚಿದೆ. ಹುಡುಗ ‘ಬೇಡ ಸಾರ್, ಬೇಡ ಸಾರ್’ ಎನ್ನುತ್ತಲೇ ಇದ್ದ. ಸುರುಳಿ ಬಿಚ್ಚಿಕೊಂಡಿತು. ಬಿಳಿಯ ಬದಿ ಫೋಟೋಕ್ಕೆ, ಇನ್ನೊಂದು ಬದಿಯಲ್ಲಿ ಮುಗಿದ ಎರಡು ಕೈಗಳು, ಮೂಗಿನ ಕೆಳಗಿನ ಅರ್ಧ ಮುಖ, ಕೆಂಪು ದೊಡ್ಡ ಅಕ್ಷರಗಳಲ್ಲಿ ‘ಜನ್ಮದಿನದ ಹಾರ್ದಿಕ ಶುಭಾ’ ಎಂಬಲ್ಲಿಗೆ ಕತ್ತರಿಸಿದ ಫ್ಲೆಕ್ಸ್ ಬ್ಯಾನರ್! ಬ್ಯಾನರ್ ಕಟ್ಟಲು ಅಂಚಿನಲ್ಲಿ ಹೊಡೆದಿದ್ದ ರಿಂಗುಗಳಲ್ಲೇ ಹಗ್ಗ ಪೋಣಿಸಿದ್ದರು. ಕುಂದಾಪುರದವನು ಅದನ್ನು ನೋಡಿ ನಗಲಿಲ್ಲ, ಏನೂ ಹೇಳಲಿಲ್ಲ. ಮೆಲ್ಲನೆ ಅದನ್ನು ಸುತ್ತಿ ಮತ್ತೆ ಕಟ್ಟಿಟ್ಟ. ಅವನು ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನು ದಿನಗೂಲಿಯವನು. ಏಜೆಂಟನ ಉತ್ತರಗಳನ್ನು ಮಾತ್ರ ಇಲ್ಲಿ ಬರೆಯಲೇಬೇಕು. ಫ್ಲೆಕ್ಸಿನ ಫೋಟೋ ಕಳುಹಿಸಿದಾಗ, ‘ಸಾರ್, ಹಾಯಿ ಇರುತ್ತದೆ ಎಂದಿದ್ದೆವು, ಹಾಯಿಯಿಂದಲೇ ಹೋಗುತ್ತದೆ ಎಂದಿರಲಿಲ್ಲ’ ಎಂದು ಬರೆದ. ಸೈಲಿಂಗ್ ಎಂದರೇನು ಎಂದು ಕೇಳಿದ್ದಕ್ಕೆ, ‘ನೀರಿನಲ್ಲಿ ಹೋಗುವುದೆಲ್ಲ ಸೈಲಿಂಗೇ ಸಾರ್’ ಎಂದ. ಹಣ ವಾಪಸು ಕೇಳಿದ್ದಕ್ಕೆ, ‘ಫೋಟೋದಲ್ಲಿ ಎಲ್ಲರೂ ನಗ್ತಾ ಇದ್ದೀರಲ್ಲ ಸಾರ್’ ಎಂದು ನಮ್ಮದೇ ಫೋಟೋ ಕಳುಹಿಸಿದ. ಕೊನೆಗೆ ದೊಡ್ಡ ಮನಸ್ಸು ಮಾಡಿ ಎರಡು ಸಾವಿರ ರೂಪಾಯಿಯ ಕೂಪನ್ ಕೊಟ್ಟ. ಅದು ಚಾಲ್ತಿಯಲ್ಲಿರುವುದು ಜೂನ್ 15ರಿಂದ ಜುಲೈ 31ರವರೆಗೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಆ ಕಡಲಿಗೆ ಯಾಂತ್ರೀಕೃತ ದೋಣಿಗಳ ಮೀನುಗಾರರೇ ಇಳಿಯದಿರುವಾಗ, ನಾನು ಕೂಪನ್ ಹಿಡಿದು ಯಾವ ದೋಣಿ ಹತ್ತಲಿ? ಅದನ್ನು ಕೇಳಿದ ಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ, ಮುಂದೇನಾಗುತ್ತದೋ ನೋಡಬೇಕು. ನೀವು ಹೋಗುವುದಾದರೆ ಪೂರ್ತಿ ಹಣ ಕಟ್ಟಬೇಡಿ, ಬಿಲ್ ಇಲ್ಲದೆ ಬಿಡಿಗಾಸನ್ನೂ ಕೊಡಬೇಡಿ. ದೋಣಿ ಓಡಿಸುವವನ ಜೊತೆಗೇ ಮಾತಾಡಿ, ಎಂಜಿನ್ ನಿಲ್ಲಿಸಿ ಹಾಯಿಯಲ್ಲೇ ಎಷ್ಟು ಹೊತ್ತು ಕರೆದೊಯ್ಯುತ್ತೀರಿ ಎಂದು ಬಾಯಿ ಬಿಟ್ಟು ಕೇಳಿ. ಚಲಿಸುತ್ತಿರುವ ದೋಣಿಯ ವೀಡಿಯೋ ಕೇಳಿ, ಫೋಟೋ ನಂಬಬೇಡಿ.

ಫೋಟೋ ಎಂದಾಗ ನೆನಪಾಯಿತು. ಮೊನ್ನೆ ನನ್ನ ಭಾವಮೈದುನನ ಫೋನಿಗೆ ಅದೇ ಏಜೆಂಟನ ಜಾಹೀರಾತು ಬಂದಿದೆ. ಬಿಳಿಯ ಹಾಯಿಯ ಮುಂದೆ, ಹೊಟ್ಟೆ ಒಳಗೆಳೆದುಕೊಂಡು ನಗುತ್ತ ನಿಂತಿರುವ ಐವತ್ತರ ಅಂಚಿನ ಐದು ಗಂಡಸರ ಚಿತ್ರ ಅದರಲ್ಲಿದ್ದರೆ, ಎಡದಿಂದ ಎರಡನೆಯವನು ನಾನು.